ನೆತ್ತಿಗೇರಿದ ಪಿತ್ತ

ನವೆಂಬರ್ 10, 2024, ಭಾನುವಾರ

ಇವತ್ತು ಮೊದಲ ಸಲ ರಗ್ಬಿ ಪಂದ್ಯಕ್ಕೆ ರೆಫ್ರಿಯಾಗಿದ್ದೆ. ಕೊನೆಯ ಸಲವೂ ಇದೇ ಆಗಲಿ ಅಂತ ಈಗಲೇ ಬರೆದಿಡುತ್ತಿದ್ದೇನೆ.

ಶಿವಮೊಗ್ಗದ ಹುಡುಗರಿಗೂ ನಮ್ಮ ಭದ್ರಾವತಿಯ ಹುಡುಗರಿಗೂ ಆಟ. ಮೈದಾನ ಜನ್ನಾಪುರದಲ್ಲಿ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನೋಡಲು ಬಂದವರಲ್ಲಿ ಮುಕ್ಕಾಲು ಜನಕ್ಕೆ ರಗ್ಬಿ ಅಂದರೆ ಏನೆಂದೇ ಗೊತ್ತಿಲ್ಲ, ಆದರೆ ರೆಫ್ರಿ ಎಲ್ಲಿ ತಪ್ಪಿದಳು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತು. ಈ ಆಟದಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದೆ ಬರುತ್ತಿರುವವನಿಗೇ ಕೊಡಬೇಕು. ಮುಂದಕ್ಕೆ ಎಸೆದವನಿಗೆ ಸೀಟಿ ಊದಿದೆ. ಮುಂದೆ ಅಷ್ಟೊಂದು ಜಾಗ ಖಾಲಿ ಬಿದ್ದಿರುವಾಗ ಹುಡುಗ ಹಿಂದಕ್ಕೆ ಯಾಕೆ ಕೊಡಬೇಕು ಅಂತ ಕಾಂಪೌಂಡಿನ ಮೇಲೆ ಕುಳಿತಿದ್ದ ಒಬ್ಬ ಮಹಾಶಯ ನನ್ನನ್ನು ವಿಚಾರಣೆ ಮಾಡಿದ. ಜೊತೆಗೆ ಆಂಟಿ ಅಂತ ಬೇರೆ ಕರೆದ. ಅವನ ತಲೆ ಪೂರ್ತಿ ನೆರೆತಿತ್ತು. ನನಗೆ ಮೂವತ್ತಾರು.

ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳಿಗೆ ಬೈಗುಳ ಹೊಸದಲ್ಲ. ಆದರೆ ಅಲ್ಲಿ ನಡುವೆ ಒಂದು ಗಾಜು ಇರುತ್ತದೆ. ಇಲ್ಲಿ ನಾನು ಹಳದಿ ಅಂಗಿ ಹಾಕಿಕೊಂಡು ನಡು ಬಯಲಿನಲ್ಲಿ ನಿಂತಿದ್ದೆ.

ಇದಕ್ಕೆಲ್ಲ ಕಾರಣ ಶಿವಮೂರ್ತಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ನನಗೆ ಕಬಡ್ಡಿ ಕಲಿಸಿದವರು, ಈಗ ನಿವೃತ್ತರಾಗಿ ಜಿಲ್ಲೆಯಲ್ಲಿ ರಗ್ಬಿ ಆಡಿಸುವ ಸಂಘದ ಕಾರ್ಯದರ್ಶಿ. ರೆಫ್ರಿಗಳು ಸಿಗುತ್ತಿಲ್ಲ, ನಿನಗೆ ಗಂಟಲೂ ಇದೆ ಗಟ್ಟಿತನವೂ ಇದೆ ಅಂತ ಉಬ್ಬಿಸಿ ದಾವಣಗೆರೆಗೆ ಎರಡು ದಿನದ ತರಬೇತಿಗೆ ಕಳಿಸಿದರು. ನನ್ನ ಗಂಡ ವಸಂತ್ ಆಗಲೇ ಹೇಳಿದ್ದರು: "ಜಗಳ ಆಡೋಕೆ ನಿಂಗೆ ಸರ್ಟಿಫಿಕೇಟ್ ಬೇರೆ ಬೇಕಿತ್ತಾ ಮಾರಾಯ್ತಿ?"

ನವೆಂಬರ್ 11

ಕಾಲು ನೋವು. ಕೌಂಟರಿಗೆ ಬಂದ ಒಬ್ಬರು, ನಿನ್ನೆ ನೀವು ಭದ್ರಾವತಿಗೆ ಕೊಡಬೇಕಾದ ಪಾಯಿಂಟು ಕೊಡಲಿಲ್ಲವಂತೆ ಅಂದರು. ನಾನು ಪಾಯಿಂಟು ಕೊಡುವವಳಲ್ಲ, ಅವರು ಗಳಿಸಿದ್ದನ್ನು ಹೇಳುವವಳು. ಇದನ್ನು ಯಾರಿಗೆ ಅಂತ ಬಿಡಿಸಿ ಹೇಳಲಿ?

ಡಿಸೆಂಬರ್ 1, ಭಾನುವಾರ

ಆಯನೂರಿನಲ್ಲಿ ಹುಡುಗಿಯರ ಪಂದ್ಯ. ಬಿಡುವುದಿಲ್ಲ ಅಂತ ಹಟ ಹಿಡಿದು ಹೋದೆ. ಕಂಡ ತಪ್ಪಿಗೆಲ್ಲ ಸೀಟಿ ಊದಿದೆ. ಮೇಷ್ಟ್ರು ಕೊನೆಯಲ್ಲಿ ಬಂದು, ಇವತ್ತು ಹುಡುಗಿಯರು ಆಡಿದ್ದಕ್ಕಿಂತ ನೀನು ಊದಿದ್ದೇ ಹೆಚ್ಚು ಅಂದರು. ನಿಯಮ ಇರುವುದು ಯಾತಕ್ಕೆ ಹಾಗಾದರೆ? ಕೌಂಟರಿನಲ್ಲಿ ನಾನು ಹೀಗೆ ಅಂದಾಜಿನಲ್ಲಿ ಕೆಲಸ ಮಾಡಿದರೆ ಸುಮ್ಮನಿರುತ್ತಾರಾ?

ಭದ್ರಾವತಿ ಹುಡುಗಿಯರ ಕ್ಯಾಪ್ಟನ್ ಇರಂ ಅಂತ, ಪಿಯುಸಿ ಹುಡುಗಿ. ಅವರ ತಂದೆ ನಸರುಲ್ಲಾ ಹಳೇನಗರದಲ್ಲಿ ಸ್ಕೂಟರ್ ರಿಪೇರಿ ಅಂಗಡಿ ಇಟ್ಟವರು, ಆ ತಂಡದ ಕೋಚೂ ಅವರೇ. ಈ ಇರಂ ಪ್ರತಿ ಸೀಟಿಗೂ ಓಡಿ ಬಂದು, ಯಾಕೆ ಅಂತ ಹೇಳಿ ಮೇಡಂ, ಗೊತ್ತಾದರೆ ಇನ್ನೊಂದು ಸಲ ಮಾಡುವುದಿಲ್ಲ ಅನ್ನುತ್ತಿದ್ದಳು. ನನ್ನನ್ನು ಪ್ರಶ್ನೆ ಮಾಡುವುದಕ್ಕೆ ಇವಳು ಯಾರು ಅಂತ ಸಿಟ್ಟು ಬಂತು. ಆದರೆ ಕ್ಯಾಪ್ಟನ್ನಿಗೆ ಕೇಳುವ ಹಕ್ಕಿದೆ, ಹಾಗಾಗಿ ಹೇಳಬೇಕಾಯಿತು. ಹೇಳಿದ ಮೇಲೆ ಅವಳು ಆ ತಪ್ಪು ಮಾಡಲಿಲ್ಲ ಅನ್ನುವುದು ನಿಜ.

ಡಿಸೆಂಬರ್ 15, ಭಾನುವಾರ

ಹೊಳೆಹೊನ್ನೂರು. ಹುಡುಗಿಯರ ಪಂದ್ಯಗಳು. ಬಿಸಿಲೋ ಬಿಸಿಲು.

ಶಿವಮೊಗ್ಗದ ಅಕ್ಷಯಾ ಅನ್ನುವ ಹುಡುಗಿ ಚೆಂಡು ಹಿಡಿಯಲು ಹೋಗಿ ತನ್ನದೇ ತಂಡದವಳ ತಲೆಗೆ ತಲೆ ಗುದ್ದಿಕೊಂಡು ಕುಳಿತುಬಿಟ್ಟಳು. ರಕ್ತ ಇಲ್ಲ, ಬುಗುಟೂ ಇಲ್ಲ. ಎದ್ದು ಗೆರೆಯ ಆಚೆ ಹೋಗಿ ವಾಂತಿ ಮಾಡಿದಳು. ಸುತ್ತ ಇದ್ದವರೆಲ್ಲ ಸೇರಿ ತೀರ್ಪು ಕೊಟ್ಟರು: ಪಿತ್ತ. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಬಂದಿದ್ದಾಳೆ, ಮೇಲೆ ಈ ಬಿಸಿಲು, ಪಿತ್ತ ಕೆರಳಿದೆ. ಕಬ್ಬಿನಹಾಲಿನ ಗಾಡಿಯವನು ನಿಂಬೆಹಣ್ಣು ಹಿಂಡಿ ಶರಬತ್ತು ತಂದುಕೊಟ್ಟ. ನಾನೂ ಪಿತ್ತವೇ ಅಂದೆ. ನಮ್ಮ ಮನೆಯಲ್ಲಿ ತಲೆಸುತ್ತಿಗೂ ವಾಕರಿಕೆಗೂ ಅದೊಂದೇ ಹೆಸರು. ನನ್ನ ಚೀಲದಲ್ಲಿದ್ದ ಹುಳಿ ಪೆಪ್ಪರಮೆಂಟು ಅವಳ ಕೈಗೆ ಕೊಟ್ಟೆ. ಬಾಯಿಗೆ ಹಾಕಿಕೊಂಡು ನಕ್ಕಳು, ಆಟಕ್ಕೆ ಬಂದಳು.

ಉಳಿದದ್ದೆಲ್ಲ ಚೆನ್ನಾಗಿ ನಡೆಯಿತು. ಇವತ್ತು ಯಾರೂ ಬೈಯಲಿಲ್ಲ.

ಡಿಸೆಂಬರ್ 18

ಅಕ್ಷಯಾ ಆಸ್ಪತ್ರೆಯಲ್ಲಿದ್ದಾಳಂತೆ. ಮೇಷ್ಟ್ರು ಫೋನ್ ಮಾಡಿದ್ದರು. ಅವತ್ತು ಬಸ್ಸಿನಲ್ಲಿ ವಾಪಸ್ ಹೋಗುವಾಗ ನಾವು ಎಲ್ಲಿಂದ ಬರುತ್ತಿದ್ದೇವೆ ಅಂತ ಕೇಳಿದ್ದನ್ನೇ ಕೇಳುತ್ತಿದ್ದಳಂತೆ. ಗೆಳತಿಯರು ತಮಾಷೆ ಅಂದುಕೊಂಡರಂತೆ. ಸ್ಕ್ಯಾನಿಂಗಿನಲ್ಲಿ ಏನೂ ಕಾಣುತ್ತಿಲ್ಲ, ಆದರೆ ಒಳಗೆ ಮೆದುಳು ಅಲುಗಿದೆ, ಅದು ಸ್ಕ್ಯಾನಿಂಗಿನಲ್ಲಿ ಕಾಣುವಂಥದ್ದಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಪೆಟ್ಟು ಬಿದ್ದ ಮೇಲೂ ಆಡಲು ಬಿಟ್ಟವರು ಯಾರು ಅಂತ ಕೇಳಿದರಂತೆ.

ಯಾರು? ಅವಳ ತಂಡದ ಕೋಚ್ ಎಲ್ಲಿದ್ದ? ಮೇಷ್ಟ್ರು ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರಲ್ಲ? ಆ ಶರಬತ್ತಿನವನನ್ನು ಡಾಕ್ಟರು ಮಾಡಿದವರು ಯಾರು? ಊರಿಗೆ ಊರೇ ಪಿತ್ತ ಪಿತ್ತ ಅಂತ ಭಜನೆ ಮಾಡಿತು.

ದಾವಣಗೆರೆಯಲ್ಲಿ ಇದನ್ನು ಅರ್ಧ ದಿನ ಹೇಳಿಕೊಟ್ಟಿದ್ದರು. ತಲೆಗೆ ಪೆಟ್ಟಾಗಿದೆ ಅಂತ ಅನುಮಾನ ಬಂದರೆ ಸಾಕು, ಹೊರಗೆ ಕಳಿಸಬೇಕು, ಅವತ್ತು ಮತ್ತೆ ಒಳಗೆ ಬಿಡಬಾರದು. ಪೆಟ್ಟು ಅಂದರೆ ನಾನು ರಕ್ತ ಅಂದುಕೊಂಡಿದ್ದೆ. ಪಿತ್ತದ ಮಾತು ಬಂದ ಕೂಡಲೇ ಪೆಟ್ಟಿನ ಮಾತು ತಲೆಯಿಂದ ಹೋಗಿಬಿಟ್ಟಿತು. ಊದುವ ಸೀಟಿ ಇದ್ದದ್ದು ಆ ಕೋಚಿನ ಕೊರಳಲ್ಲಲ್ಲ, ಮೇಷ್ಟ್ರ ಕೊರಳಲ್ಲೂ ಅಲ್ಲ.



ಡಿಸೆಂಬರ್ 22, ಭಾನುವಾರ

ಶಿವಮೊಗ್ಗದ ಗೋಪಾಳದಲ್ಲಿ ಅಕ್ಷಯಾಳ ಮನೆಗೆ ಹೋಗಿದ್ದೆ. ಅವರ ತಂದೆ ರಾಮಚಂದ್ರಪ್ಪ ಸಿಟಿ ಬಸ್ ಡ್ರೈವರ್. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವರು ಕುರ್ಚಿ ಒರೆಸಿ ಕೂರಿಸಿದರು, ಟೀ ಕೊಡಿಸಿದರು, ಆಟ ಅಂದ ಮೇಲೆ ಬೀಳುವುದು ಏಳುವುದು ಇದ್ದದ್ದೇ ಅಂದರು. ನನಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನಿಗೆ ಸಿಟ್ಟು ಬರಬೇಡವೇ? ಮಗಳನ್ನು ನಂಬಿ ಕಳಿಸಿದರೆ ಅವಳ ಕೈಗೆ ಪೆಪ್ಪರಮೆಂಟು ಕೊಟ್ಟು ಮತ್ತೆ ಆಡಿಸಿದವಳು ಮನೆಗೇ ಬಂದು ಕುಳಿತಿದ್ದಾಳೆ, ಇವರು ಇನ್ನೆರಡು ಬಿಸ್ಕತ್ತು ತಗೊಳ್ಳಿ ಅನ್ನುತ್ತಾರೆ.

ಹುಡುಗಿ ಒಳಗಿನ ಕೋಣೆಯಲ್ಲಿ, ಕಿಟಕಿಗೆ ಬೆಡ್‌ಶೀಟು ಕಟ್ಟಿಕೊಂಡು ಮಲಗಿದ್ದಳು. ಬೆಳಕು ಕಂಡರೆ ತಲೆ ಸಿಡಿಯುತ್ತದಂತೆ, ಪುಸ್ತಕ ತೆಗೆದರೆ ಅಕ್ಷರ ಓಡಾಡುತ್ತವಂತೆ. ಮಾರ್ಚಿನಲ್ಲಿ ಪರೀಕ್ಷೆ. ನನ್ನ ಗುರುತು ಸಿಕ್ಕಿತು. "ಅವತ್ತು ನಾವು ಗೆದ್ವಾ ಮೇಡಂ?" ಅಂತ ಕೇಳಿದಳು.

ಗೆದ್ದಿದ್ದರು. ಕೊನೆಯವರೆಗೂ ಆಡಿದವಳು ಅವಳೇ.

ಜನವರಿ 19, 2025, ಭಾನುವಾರ

ತುಂಬಾ ದಿನದಿಂದ ಬರೆದಿಲ್ಲ. ಬರೆಯುವಷ್ಟು ತಾಳ್ಮೆ ಇರಲಿಲ್ಲ.

ಈಗ ಪ್ರತಿ ಪಂದ್ಯಕ್ಕೆ ಮುಂಚೆ ಎರಡೂ ತಂಡಗಳನ್ನು ಕೂರಿಸಿಕೊಂಡು ತಲೆಪೆಟ್ಟಿನ ಬಗ್ಗೆ ಹೇಳುತ್ತೇನೆ. ಆಕಳಿಸುತ್ತಾರೆ. ಆಕಳಿಸಲಿ. ಇರಂಗೆ ಬಾಯಿಪಾಠವಾಗಿದೆ. ನಾನು ಶುರುಮಾಡುವ ಮೊದಲೇ ನನ್ನ ದನಿಯಲ್ಲೇ ಪೂರ್ತಿ ಒಪ್ಪಿಸಿ ಎಲ್ಲರನ್ನೂ ನಗಿಸುತ್ತಾಳೆ. ಒಂದು ಅಕ್ಷರ ತಪ್ಪುವುದಿಲ್ಲ, ಕಳ್ಳಿ.

ಇವತ್ತು ಗಾಜನೂರಿನಲ್ಲಿ ಒಬ್ಬ ಹುಡುಗ ನೆಲಕ್ಕೆ ತಲೆ ಬಡಿದುಕೊಂಡ. ಹೊರಗೆ ಕಳಿಸಿದೆ. ಅವನ ಕಡೆಯವರು ಅದೇ ಹಾಡು ಹಾಡಿದರು, ಪಿತ್ತ, ನಿಂಬೆಹಣ್ಣು ಕೊಡಿ. ಪಿತ್ತ ಅಲ್ಲ ಅಂತ ಜೋರಾಗಿ ಹೇಳಿದೆ. ಹಿಂದಿನಿಂದ ಯಾರೋ, "ಹೌದೌದು, ಪಿತ್ತ ಅವನಿಗಲ್ಲ, ರೆಫ್ರಿಗೇ ನೆತ್ತಿಗೇರಿದೆ" ಅಂದ. ಮೈದಾನವೆಲ್ಲ ನಕ್ಕಿತು. ಏರಿದ್ದು ನಿಜವೇ. ಹುಡುಗ ಮರದ ನೆರಳಿನಲ್ಲಿ ಕುಳಿತಿದ್ದ. ಆಟ ಮುಗಿದ ಮೇಲೆ ಅವನ ಮನೆಯವರಿಗೆ ಫೋನ್ ಮಾಡಿ ರಾತ್ರಿ ಅವನ ಮೇಲೆ ಕಣ್ಣಿಡಲು ಹೇಳಿದೆ.

ಮೇಷ್ಟ್ರು, ಇವತ್ತು ಆಟ ನೋಡುವ ಹಾಗಿತ್ತು, ನೀನು ಹೆಚ್ಚು ಊದಲಿಲ್ಲ ಅಂದರು. ಚೆನ್ನಾಗಿ ಆಡಿದರು, ಊದುವ ಅಗತ್ಯ ಬರಲಿಲ್ಲ. ಅದಕ್ಕೂ ನನ್ನ ಹೆಸರೇ ಯಾಕೆ?

ಫೆಬ್ರವರಿ 8

ನಾಳೆ ಸೀಸನ್ನಿನ ಕೊನೆಯ ಪಂದ್ಯ. ಭದ್ರಾವತಿಯಲ್ಲೇ, ಹುಡುಗಿಯರ ಫೈನಲ್. ರಾಜ್ಯ ತಂಡಕ್ಕೆ ಆರಿಸುವವರು ಬೆಂಗಳೂರಿನಿಂದ ಬರುತ್ತಿದ್ದಾರೆ. ಇರಂ ಆಯ್ಕೆ ಖಂಡಿತ ಅಂತ ಊರಿನವರೆಲ್ಲ ಹೇಳುತ್ತಿದ್ದಾರೆ. ಆಗಬೇಕಾದದ್ದೇ. ನಾನು ನೋಡಿದವರಲ್ಲಿ ಅವಳಷ್ಟು ಚೆನ್ನಾಗಿ ಆಡುವವರಿಲ್ಲ. ಇದನ್ನು ರೆಫ್ರಿ ಬಾಯಿಬಿಟ್ಟು ಹೇಳುವಂತಿಲ್ಲ, ಇಲ್ಲಿ ಬರೆಯಬಹುದು.

ಫೆಬ್ರವರಿ 9, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಎರಡನೇ ಅರ್ಧ. ಭದ್ರಾವತಿ, ಶಿವಮೊಗ್ಗ ಎರಡರದೂ ಪಾಯಿಂಟು ಸಮ ಇತ್ತು. ಶಿವಮೊಗ್ಗದ ಹುಡುಗಿಯೊಬ್ಬಳನ್ನು ತಡೆಯಲು ಇರಂ ಹಾರಿದಳು. ಆ ಹುಡುಗಿಯ ಮಂಡಿ ಇವಳ ಕಿವಿಯ ಮೇಲೆ ಬಡಿಯಿತು. ನಾನು ನೋಡಿದೆ. ಸೀಟಿ ಬಾಯಲ್ಲೇ ಇತ್ತು. ಊದುವಷ್ಟರಲ್ಲಿ ಅವಳು ಎದ್ದುಬಿಟ್ಟಳು, ಕೈಗೆ ಚೆಂಡೂ ಬಂತು. ಎದ್ದವಳು ಓಡಿದಳು ನೋಡಿ, ಈ ತುದಿಯಿಂದ ಆ ತುದಿಗೆ. ಮೂವರನ್ನು ತಪ್ಪಿಸಿಕೊಂಡು ಹೋಗಿ ಗೆರೆಯಾಚೆ ಚೆಂಡು ಒತ್ತಿದಳು. ಐದು ಪಾಯಿಂಟಿನ ಟ್ರೈ. ಇಡೀ ಸೀಸನ್ನಿನಲ್ಲಿ ಅಂಥದ್ದು ಇನ್ನೊಂದಿಲ್ಲ. ಬೆಂಗಳೂರಿನವರು ಕುರ್ಚಿಯಿಂದ ಎದ್ದು ನಿಂತರು. ಊರಿಗೆ ಊರೇ ಕುಣಿಯಿತು. ನನಗೂ ಒಂದು ಗಳಿಗೆ ಖುಷಿಯಾಯಿತು, ಆ ಮಂಡಿ ಮರೆತೇಹೋಯಿತು.

ಆಮೇಲೆ ಆಟ ಮತ್ತೆ ಶುರುವಾಗಬೇಕು. ಎರಡೂ ತಂಡ ಎದುರುಬದುರು ನಿಂತವು. ಇರಂ ಶಿವಮೊಗ್ಗದ ಹುಡುಗಿಯರ ನಡುವೆ ಹೋಗಿ ನಿಂತಿದ್ದಳು. ಪಕ್ಕದವಳ ಹೆಗಲ ಮೇಲೆ ಕೈ ಹಾಕಿಕೊಂಡು, ಚೆಂಡು ಬರಲಿ ಅಂತ ಕಾಯುತ್ತಿದ್ದಳು. ಜನ ಹೋ ಅಂತ ನಕ್ಕರು, ಎದುರಾಳಿಗಳನ್ನು ಆಟವಾಡಿಸುತ್ತಿದ್ದಾಳೆ ಅಂದುಕೊಂಡರು. ನನಗೆ ನಗು ಬರಲಿಲ್ಲ. ಹತ್ತಿರ ಹೋದೆ. ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ಇಡೀ ಸೀಸನ್ ಯಾಕೆ ಯಾಕೆ ಅಂತ ಪ್ರಾಣ ತಿಂದವಳು ಇವತ್ತು ಯಾಕೆ ಅಂತ ಕೇಳಲಿಲ್ಲ.

ಹೊರಗೆ ಕಳಿಸಿದೆ.

ನಸರುಲ್ಲಾ ಗೆರೆ ದಾಟಿ ಓಡಿ ಬಂದರು. ಮಗಳು ಬೆಳಗ್ಗೆಯಿಂದ ಏನೂ ತಿಂದಿಲ್ಲ, ಪಿತ್ತ ಅಷ್ಟೇ, ಐದು ನಿಮಿಷ ಕೂತು ಬರುತ್ತಾಳೆ ಅಂದರು. ಇವತ್ತು ಮತ್ತೆ ಬರುವಂತಿಲ್ಲ ಅಂದೆ. ಅವರು ಒಳ್ಳೆಯ ಮನುಷ್ಯರು, ಎಂದೂ ದನಿ ಎತ್ತಿದವರಲ್ಲ. ಇವತ್ತು ಎತ್ತಿದರು. "ನಿಮ್ ಮಗಳಾಗಿದ್ರೆ ಹಿಂಗ್ ಮಾಡ್ತಿದ್ರಾ ಮೇಡಂ? ಈ ಊರೋರೇ ಆಗಿ ನಮ್ ಹೊಟ್ಟೆ ಮೇಲೆ ಹೊಡೀತೀರಲ್ಲ."

ಮೇಷ್ಟ್ರೂ ಬಂದರು, ಬೆಂಗಳೂರಿನವರು ನೋಡುತ್ತಿದ್ದಾರೆ, ನಿಯಮ ಸ್ವಲ್ಪ ಸಡಿಲ ಮಾಡು ಅಂದರು. ಜನ ಮೈದಾನಕ್ಕೆ ನೀರಿನ ಬಾಟಲಿ ಎಸೆದರು. ಆಟ ಮುಂದುವರಿಯಿತು, ಇರಂ ಇಲ್ಲದ ಭದ್ರಾವತಿ ಸೋತಿತು. ಕೊನೆಯವರೆಗೆ ಆಡಿದವರನ್ನು ಮಾತ್ರ ಪರಿಗಣಿಸುತ್ತೇವೆ ಅಂದರಂತೆ ಆ ದೊಡ್ಡ ಮನುಷ್ಯರು. ಅಂಥ ಓಟ ಕಣ್ಣಾರೆ ನೋಡಿಯೂ!

ಇರಂ ಚಪ್ಪರದ ಕೆಳಗೆ ಕುಳಿತು ಅಳುತ್ತಿದ್ದಳು. ಯಾರೋ ನಿಂಬೆ ಶರಬತ್ತು ಕುಡಿಸುತ್ತಿದ್ದರು.

ಫೆಬ್ರವರಿ 10

ಇರಂಗೆ ಸ್ಕ್ಯಾನಿಂಗ್ ಮಾಡಿಸಿದರಂತೆ. ಎಲ್ಲ ನಾರ್ಮಲ್. ಬೆಳಗಾಗುವಷ್ಟರಲ್ಲಿ ಈ ಸುದ್ದಿ ಹಳೇನಗರದಿಂದ ಪೇಪರ್ ಟೌನ್‌ವರೆಗೆ ಮುಟ್ಟಿದೆ. ಸೊಪ್ಪು ಮಾರುವವಳೂ ನನಗೆ ಹೇಳಿದಳು. ಅಕ್ಷಯಾಳ ಸ್ಕ್ಯಾನಿಂಗೂ ನಾರ್ಮಲ್ಲೇ ಇತ್ತು ಅಂತ ಎಷ್ಟು ಜನಕ್ಕೆ ಹೇಳಲಿ? ಒಬ್ಬರೂ ಕೇಳಿಸಿಕೊಳ್ಳುವುದಿಲ್ಲ.

ಫೆಬ್ರವರಿ 12

ಮೇಷ್ಟ್ರ ಮನೆಯಲ್ಲಿ ಸಭೆ. ನನ್ನನ್ನು ಉಪಾಯವಾಗಿ ಕರೆಸಿದರು.

ಬರುವ ಭಾನುವಾರ ಬೆಂಗಳೂರಿನಲ್ಲಿ ಇನ್ನೊಂದು ಸುತ್ತಿನ ಆಯ್ಕೆ ಇದೆ. ಫೈನಲ್‌ನಲ್ಲಿ ತಲೆಪೆಟ್ಟೇನೂ ಆಗಿರಲಿಲ್ಲ, ಆತುರದಲ್ಲಿ ಹೊರಗೆ ಕಳಿಸಿದೆ ಅಂತ ರೆಫ್ರಿ ಫೋನಿನಲ್ಲಿ ಒಂದು ಮಾತು ಹೇಳಿದರೆ ಇರಂಳನ್ನು ಅಲ್ಲಿ ಆಡಿಸಿ ನೋಡುತ್ತಾರಂತೆ. ಮೇಷ್ಟ್ರು ಬಹಳ ಮೃದುವಾಗಿ ಹೇಳಿದರು. ನಿನ್ನ ಮರ್ಯಾದೆಗೇನೂ ಕುಂದಿಲ್ಲ, ಮೊದಲ ವರ್ಷ, ಯಾರಿಗಾದರೂ ಆಗುತ್ತದೆ ಅಂದರು.

ಮರ್ಯಾದೆ! ಅದನ್ನು ನವೆಂಬರಿನಲ್ಲೇ ಜನ್ನಾಪುರದ ಮೈದಾನದಲ್ಲಿ ಬಿಟ್ಟು ಬಂದಿದ್ದೇನೆ. ಭಾನುವಾರ ಅಂದರೆ ಪೆಟ್ಟು ಬಿದ್ದು ಒಂದು ವಾರ. ಆ ತಲೆಗೆ ಇನ್ನೊಂದು ಮಂಡಿ ಬಡಿದರೆ ಆಗ ಯಾರಿಗೆ ಫೋನ್ ಮಾಡುತ್ತಾರೆ? ಆಗುವುದಿಲ್ಲ ಅಂದೆ.

ನಸರುಲ್ಲಾ ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದರು. ಮಗಳು ಫೋನ್ ಆರಿಸಿಟ್ಟಿದ್ದಾಳೆ, ಕಾಲೇಜಿಗೂ ಹೋಗುತ್ತಿಲ್ಲ, ಪಂದ್ಯದ ಮಾತೆತ್ತಿದರೆ ಅಳುತ್ತಾಳೆ ಅಂತ ಅವಳ ತಾಯಿ ಮೆಹರ್ ಬಾನು ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತದ ಹಾಗೆ ಮಾಡಿದ್ದಾರೆ, ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಒಂದ್ ಮಾತ್ ಹೇಳಿದ್ರೆ ನಿಮ್ ಗಂಟೇನ್ ಹೋಗುತ್ತೆ ಮೇಡಂ?"

ಎದ್ದು ಹೊರಟೆ. ದಾರಿಯುದ್ದಕ್ಕೂ ಉತ್ತರ ಕೊಡುತ್ತಾ ಬಂದೆ, ಕೇಳಿಸಿಕೊಂಡದ್ದು ನನ್ನ ಸ್ಕೂಟಿ ಮಾತ್ರ.

ಫೆಬ್ರವರಿ 13

ಸೀಸನ್ ಮುಗಿಯಿತಲ್ಲ, ಏನು ಕಲಿತೆ ಅಂತ ವಸಂತ್ ಕೇಳಿದರು. ಜನಕ್ಕೆ ನ್ಯಾಯ ಬೇಡ, ತಮ್ಮ ಕಡೆಯ ರೆಫ್ರಿ ಬೇಕು ಅಂದೆ. ಕೋಚುಗಳಿಗೆ ಗೆಲುವು ಬೇಕು, ಸಂಘಕ್ಕೆ ಫೋಟೋ ಬೇಕು, ಬೆಂಗಳೂರಿನವರಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕು ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ಬಿಟ್ಟುಬಿಡು ಅಂದರು. ಬಿಟ್ಟರೆ ಆ ಹುಡುಗಿಯರಿಗೆ ಯಾರು ಸಿಗುತ್ತಾರೆ ಅಂತ ರೇಗಿದೆ. ಅವರು ಯಾಕೋ ನಗುತ್ತಾ ಎದ್ದು ಹೋದರು.

ರಾಮಚಂದ್ರಪ್ಪನವರಿಗೆ ಫೋನ್ ಮಾಡಿದ್ದೆ. ಅಕ್ಷಯಾ ಈಗ ದಿನಕ್ಕೆ ಒಂದು ಗಂಟೆ ಓದುತ್ತಾಳಂತೆ. ಆ ದಿನದ್ದು ಮಾತ್ರ ಇನ್ನೂ ನೆನಪಿಲ್ಲವಂತೆ.

ಫೆಬ್ರವರಿ 15, ಶನಿವಾರ

ಮಧ್ಯಾಹ್ನ ಕೌಂಟರಿನ ಮುಂದೆ ದೊಡ್ಡ ಸಾಲು ಇತ್ತು. ತಲೆ ಎತ್ತಿದರೆ ಗಾಜಿನ ಆಚೆ ಇರಂ. ಹೆಗಲಿಗೆ ಆಟದ ಬ್ಯಾಗು. ಹಿಂದೆ ನಸರುಲ್ಲಾ. ಬೆಂಗಳೂರು ಬಸ್ಸಿಗೆ ಹೊರಟಿದ್ದಾರೆ, ನಾನು ಹೂಂ ಅಂದರೆ ಮೇಷ್ಟ್ರು ಈಗಲೂ ಫೋನ್ ಹಚ್ಚಿಕೊಡುತ್ತಾರೆ, ಕೊನೆಯದಾಗಿ ಕೇಳೋಣ ಅಂತ ಬಂದಿದ್ದಾರೆ. ನಿಮಗೆ ನೇರವಾಗಿ ನಾಲ್ಕು ಮಾತು ಅನ್ನಬೇಕು ಅಂತ ಮಗಳು ಹಟ ಹಿಡಿದಳು, ಅಂದು ಬಿಡಲಿ ಅಂತ ಕರೆದುಕೊಂಡು ಬಂದೆ ಅಂದರು ನಸರುಲ್ಲಾ.

ಅವಳು ಅಂದಳು. ಕಣ್ಣಲ್ಲಿ ನೀರಿತ್ತು, ದನಿ ಗಟ್ಟಿಯಾಗಿತ್ತು. ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ಬೆಳಗ್ಗೆ ನಾಲ್ಕು ಗಂಟೆಗೆ ಎದ್ದು ಓಡಿದ್ದು, ಅಪ್ಪ ಅಂಗಡಿ ಮುಚ್ಚಿ ಕಲಿಸಿದ್ದು, ಎಲ್ಲ ಹೇಳಿದಳು. ಆಮೇಲೆ ಅವಳು ಗಾಜಿಗೆ ಹತ್ತಿರ ಬಂದಳು.

"ನಾನು ಬಿದ್ದ ತಕ್ಷಣ ವಿಷಲ್ ಊದಿಬಿಟ್ರಿ ಮೇಡಂ. ಏಳೋಕೂ ಬಿಡ್ಲಿಲ್ಲ. ಇನ್ನೊಂದ್ ಸ್ವಲ್ಪ ಬಿಟ್ಟಿದ್ರೆ ನಾನೂ ಒಂದ್ ಟ್ರೈ ಹೊಡೀತಿದ್ದೆ. ಅವ್ರು ನೋಡ್ತಿದ್ರು."

ನಾನು ಬಾಯಿ ತೆರೆಯುವ ಮೊದಲೇ ನಸರುಲ್ಲಾ ನಕ್ಕರು. "ಹೊಡೆದ್ಯಲ್ಲ ಬೇಟಾ. ಈ ತುದಿಯಿಂದ ಆ ತುದಿಗೆ ಓಡಿದ್ಯಲ್ಲ."

ಅವಳು ಅಪ್ಪನ ಕಡೆ ತಿರುಗಿದಳು.

"ಯಾವಾಗ?"

ಅವರು ಇನ್ನೂ ನಗುತ್ತಲೇ, ಬಿದ್ದು ಎದ್ದ ಮೇಲೆ, ಮೂವರನ್ನು ತಪ್ಪಿಸಿ, ಎಲ್ಲರೂ ಎದ್ದು ಚಪ್ಪಾಳೆ ಹೊಡೆದರಲ್ಲ ಅಂದರು. ಇರಂ ತಲೆ ಆಡಿಸಿದಳು. ಇಲ್ಲ ಅಬ್ಬಾ, ಬಿದ್ದೆ, ಆಮೇಲೆ ಚಪ್ಪರದ ಕೆಳಗೆ ಕೂತಿದ್ದೆ, ನೀವು ಬೇರೆ ಯಾವುದೋ ಪಂದ್ಯದ್ದು ಹೇಳುತ್ತಿದ್ದೀರಿ ಅಂದಳು. ಅಪ್ಪನಿಗೆ ಅರ್ಥವಾಗುವಂತೆ ನಿಧಾನವಾಗಿ, ತಿದ್ದುವ ಹಾಗೆ ಹೇಳಿದಳು.

ನಸರುಲ್ಲಾ ಅವರ ಮುಖದಲ್ಲಿದ್ದ ನಗು ಹೋಯಿತು. ಮಗಳನ್ನು ನೋಡಿದರು, ಗಾಜಿನೊಳಗೆ ನನ್ನನ್ನು ನೋಡಿದರು. ನಾನು ಕೌಂಟರ್ ಬಿಟ್ಟು ಹೊರಗೆ ಹೋದೆ. ಸಾಲಿನಲ್ಲಿದ್ದ ಯಾರೂ ಗೊಣಗಲಿಲ್ಲ. ಆ ಶಿವಮೊಗ್ಗದ ಹುಡುಗಿಯನ್ನು ಯಾವ ಡಾಕ್ಟರಿಗೆ ತೋರಿಸಿದ್ದರು ಅಂತ ಅವರು ಕೇಳಿದರು. ಹೇಳಿದೆ, ರಾಮಚಂದ್ರಪ್ಪನವರ ನಂಬರೂ ಕೊಟ್ಟೆ. ನಂಬರು ಒತ್ತುವಾಗ ಅವರ ಬೆರಳು ತಪ್ಪುತ್ತಿತ್ತು, ನಾನೇ ಒತ್ತಿಕೊಟ್ಟೆ.

ಬೆಂಗಳೂರು ಬಸ್ಸಿಗೆ ಹೊತ್ತಾಯಿತು ಅಂತ ಇರಂ ಅವಸರ ಮಾಡುತ್ತಿದ್ದಳು. ನನ್ನನ್ನು ಇನ್ನೂ ಸಿಟ್ಟಿನಿಂದಲೇ ನೋಡುತ್ತಿದ್ದಳು. ನಸರುಲ್ಲಾ ಅವಳ ಹೆಗಲಿನಿಂದ ಬ್ಯಾಗು ಇಳಿಸಿ ತಾವು ಹಾಕಿಕೊಂಡರು. ಅವಳ ಕೈ ಹಿಡಿದುಕೊಂಡು ರಸ್ತೆ ದಾಟಿದರು, ಶಿವಮೊಗ್ಗಕ್ಕೆ ಹೋಗುವ ಬಸ್ಸಿಗೆ ಕೈ ಅಡ್ಡ ಹಾಕಿದರು.